ಹಿಮಖಂಡಕ್ಕೆ ಪ್ಲಂಬರ್ ಬೇಕಾಗಿದ್ದಾರೆ

ಅಂಟಾರ್ಕ್ಟಿಕಾ ವಿಜ್ಞಾನಿಗಳ ಖಂಡ ಎಂದು ಹೆಸರಾಗಿದೆ. ಅಲ್ಲಿನ ಒಂದೊಂದು ನೆಲೆಯನ್ನೂ ಉಸಿರಾಡಿಸುತ್ತಿರುವುದು ಮಾತ್ರ ಪಾನಾ, ಗರಗಸ, ವೆಲ್ಡಿಂಗ್ ರಾಡ್ ಹಿಡಿದ ಕೈಗಳು.

ಗೋವಾದ ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅದು ಹೊರಡಿಸುವ ನೇಮಕಾತಿ ಪ್ರಕಟಣೆಗಳ ಮೇಲೆ ಸುಮ್ಮನೆ ಕಣ್ಣಾಡಿಸಿದರೆ ಯಾವುದೋ ಕಾರ್ಖಾನೆಯ ಜಾಹೀರಾತು ಅನ್ನಿಸೀತು. ಜನರೇಟರ್ ಮೆಕ್ಯಾನಿಕ್, ವಾಹನ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ವೆಲ್ಡರ್, ಬಾಯ್ಲರ್ ಆಪರೇಟರ್, ಪ್ಲಂಬರ್, ಬಡಗಿ, ಕ್ರೇನ್ ಆಪರೇಟರ್, ಬಾಣಸಿಗ. ಹಲವು ಹುದ್ದೆಗಳಿಗೆ ಐಟಿಐ ಓದಿದ್ದರೆ ಸಾಕು, ಜೊತೆಗೆ ಕೆಲಸದ ಅನುಭವ ಬೇಕು. ಕೆಲಸದ ಸ್ಥಳ ಯಾವುದೆಂದು ನೋಡಿದಾಗಲೇ ಹುಬ್ಬೇರುವುದು: ಮೈತ್ರಿ ಅಥವಾ ಭಾರತಿ, ಅಂಟಾರ್ಕ್ಟಿಕಾ. ಎರಡೂ ಅಲ್ಲಿನ ಭಾರತದ ನೆಲೆಗಳು.

ಈ ಖಂಡದಲ್ಲಿ ಮೂಲನಿವಾಸಿಗಳಿಲ್ಲ, ಊರಿಲ್ಲ, ಅಂಗಡಿಯಿಲ್ಲ, ಕರೆದರೆ ಬರುವ ರಿಪೇರಿಯವನಿಲ್ಲ. ಹೀಗಾಗಿ ಸಂಶೋಧನೆಗೆ ಹೋಗುವ ಪ್ರತಿ ದೇಶವೂ ಮೊದಲು ಒಂದು ಪುಟ್ಟ ಊರನ್ನೇ ಹೊತ್ತೊಯ್ಯಬೇಕು. ಆ ಊರಿಗೆ ನೀರು, ಬೆಳಕು, ಬಿಸಿ, ಚರಂಡಿ ಎಲ್ಲವೂ ಬೇಕು. ದಿನದ ಇಪ್ಪತ್ತನಾಲ್ಕು ಗಂಟೆಯೂ ಬೇಕು. ಅಮೆರಿಕದ ಮ್ಯಾಕ್‌ಮರ್ಡೊ ನೆಲೆಯಲ್ಲಿ ಬೇಸಿಗೆಗೆ ಸಾವಿರದಷ್ಟು ಜನ ಸೇರುತ್ತಾರೆ, ಅವರಲ್ಲಿ ಬಹುಪಾಲು ವಿಜ್ಞಾನಿಗಳಲ್ಲ. ಪಾತ್ರೆ ತೊಳೆಯುವವರು, ಇಂಧನ ತುಂಬುವವರು, ಬುಲ್ಡೋಜರ್ ಓಡಿಸುವವರು, ಪೈಪು ಜೋಡಿಸುವವರು. ವಿಜ್ಞಾನ ನಡೆಯುವುದು ಇವರೆಲ್ಲರ ಕೆಲಸ ಸರಿಯಾಗಿ ನಡೆದ ಮೇಲೆ.

ನೀರಿಗೆ ನಾಲ್ಕು ದಾರಿ

ಭೂಮಿಯ ಸಿಹಿನೀರಿನ ಬಹುಪಾಲು ಹಿಮವಾಗಿ ಕೂತಿರುವುದು ಈ ಖಂಡದಲ್ಲೇ. ಕುಡಿಯಲು ಒಂದು ಲೋಟ ನೀರು ಬೇಕೆಂದರೆ ಮಾತ್ರ ಇಂಧನ ಸುಡಬೇಕು. ಅದನ್ನು ಹೇಗೆ ಪಡೆಯುತ್ತಾರೆ ಎಂಬುದರಲ್ಲೇ ಒಂದೊಂದು ನೆಲೆಯ ಸ್ವಭಾವ ಕಾಣುತ್ತದೆ.

1956ರಲ್ಲಿ ಶುರುವಾದ ಬ್ರಿಟನ್ನಿನ ಹ್ಯಾಲಿ ನೆಲೆ ತೇಲುವ ಮಂಜುಹಾಸಿನ ಮೇಲಿದೆ. ಅಲ್ಲಿ ದಶಕಗಳ ಕಾಲ ಎಲ್ಲರ ದಿನಚರಿಯಲ್ಲೂ ಒಂದು ಕೆಲಸ ಇದ್ದೇ ಇರುತ್ತಿತ್ತು: ಸಲಿಕೆ ಹಿಡಿದು ಹಿಮವನ್ನು ಕರಗಿಸುವ ತೊಟ್ಟಿಗೆ ತುಂಬುವುದು. ಹವಾಮಾನ ತಜ್ಞನಾದರೂ ಸರಿ, ವೈದ್ಯನಾದರೂ ಸರಿ, ಪಾಳಿ ತಪ್ಪುತ್ತಿರಲಿಲ್ಲ. ನಮ್ಮ ಮೈತ್ರಿ ಈ ವಿಷಯದಲ್ಲಿ ಅದೃಷ್ಟಶಾಲಿ. ಅದು ಇರುವುದು ಷಿರ್ಮಾಕರ್ ಎಂಬ, ಹಿಮವಿಲ್ಲದ ಬಂಡೆಗಳ ಓಯಸಿಸ್‌ನಲ್ಲಿ, ಪಕ್ಕದಲ್ಲೇ ಪ್ರಿಯದರ್ಶಿನಿ ಸರೋವರ. ಚಳಿಗಾಲದಲ್ಲಿ ಮೇಲ್ಮೈ ಗಟ್ಟಿಯಾದರೂ ಅಡಿಯಲ್ಲಿ ನೀರಿರುತ್ತದೆ. ಪಂಪು ಓಡುತ್ತಲೇ ಇರಬೇಕು, ಪೈಪು ಬೆಚ್ಚಗಿರಬೇಕು, ಅಷ್ಟೇ. ಆ ‘ಅಷ್ಟೇ’ಯಲ್ಲೇ ಒಬ್ಬ ಪ್ಲಂಬರ್‌ನ ಇಡೀ ಚಳಿಗಾಲ ಕಳೆದುಹೋಗುತ್ತದೆ. ಲಾರ್ಸ್‌ಮನ್ ಬೆಟ್ಟಗಳ ಕಡಲಂಚಿನಲ್ಲಿರುವ ಭಾರತಿಯಲ್ಲಿ ಸಮುದ್ರದ ನೀರನ್ನು ಎತ್ತಿ ಉಪ್ಪು ತೆಗೆಯುತ್ತಾರೆ.

ನಾಲ್ಕನೆಯ ದಾರಿ ಎಲ್ಲಕ್ಕಿಂತ ಸ್ವಾರಸ್ಯದ್ದು. ದಕ್ಷಿಣ ಧ್ರುವದ ನಟ್ಟನಡುವೆ, 2,835 ಮೀಟರ್ ಎತ್ತರದಲ್ಲಿರುವ ಅಮುಂಡ್ಸೆನ್–ಸ್ಕಾಟ್ ನೆಲೆಗೆ ಸರೋವರವೂ ಇಲ್ಲ, ಸಮುದ್ರವೂ ಇಲ್ಲ. ಅಲ್ಲಿ ಹಿಮದೊಳಗೇ ಬಾವಿ. ಜನರೇಟರ್‌ಗಳಿಂದ ಹೊಮ್ಮುವ ಶಾಖದಿಂದ ನೀರನ್ನು ಬಿಸಿ ಮಾಡಿ ಆಳಕ್ಕೆ ಇಳಿಸುತ್ತಾರೆ. ಅದು ಸುತ್ತಲ ಮಂಜನ್ನು ಕರಗಿಸಿ ದೊಡ್ಡ ಗುಡಾಣದಂಥ ಪೊಟರೆ ಮಾಡುತ್ತದೆ. ಅಲ್ಲಿಂದ ನೀರನ್ನು ಮೇಲೆತ್ತಿ ಬಳಸಿ, ಒಂದಷ್ಟನ್ನು ಮತ್ತೆ ಕಾಯಿಸಿ ಕೆಳಗೆ ಕಳಿಸುತ್ತಾರೆ. ವರ್ಷಗಳು ಕಳೆದು ಬಾವಿ ತೀರಾ ಆಳವಾದ ಮೇಲೆ ಹೊಸದನ್ನು ತೆರೆದು, ಹಳೆಯದನ್ನು ಕೊಳಚೆ ನೀರು ಬಿಡಲು ಬಳಸುತ್ತಾರೆ. ಇಂಧನದ ಲೆಕ್ಕ ಎಷ್ಟು ಬಿಗಿ ಎಂದರೆ ಸ್ನಾನ ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಎರಡೇ ನಿಮಿಷ.

ಈ ಬಾವಿಯ ತಳದಲ್ಲಿ ವಿಜ್ಞಾನಕ್ಕೊಂದು ನಿಧಿಯೂ ಸಿಕ್ಕಿತು. ಶತಮಾನಗಳಿಂದ ಆಕಾಶದಿಂದ ಬಿದ್ದು ಹಿಮದಲ್ಲಿ ಹೂತಿದ್ದ ಸೂಕ್ಷ್ಮ ಉಲ್ಕಾಕಣಗಳು ಮಂಜು ಕರಗಿದಂತೆ ತಳಕ್ಕಿಳಿದು ಕೂತಿದ್ದವು. 1995ರಲ್ಲಿ ವಿಜ್ಞಾನಿ ಸೂಸನ್ ಟೇಲರ್ ಮತ್ತು ಸಂಗಡಿಗರು ಗುಡಿಸುವ ಯಂತ್ರವೊಂದನ್ನು ಬಾವಿಗಿಳಿಸಿ ಸಾವಿರಾರು ಕಣಗಳನ್ನು ಮೇಲೆತ್ತಿದರು. ಪ್ರತಿವರ್ಷ ಭೂಮಿಗೆ ಎಷ್ಟು ಅಂತರಿಕ್ಷ ಧೂಳು ಬೀಳುತ್ತದೆ ಎಂಬ ಅಂದಾಜಿಗೆ ಆ ಕಣಗಳೂ ಆಧಾರವಾದವು. ಅಡುಗೆಮನೆಗೆ ನೀರು ಕೊಡಲೆಂದು ತೆಗೆದ ಬಾವಿ ಖಗೋಳ ವಿಜ್ಞಾನಕ್ಕೂ ಒದಗಿತು.

ಜನರೇಟರ್ ನಿಂತ ದಿನ

ನೀರಿಗೂ ಬಿಸಿಗೂ ಮೂಲ ಒಂದೇ: ಜನರೇಟರ್ ಕೋಣೆ. 2014ರ ಜುಲೈ 30ರಂದು ಹ್ಯಾಲಿಯಲ್ಲಿ ಕೂಲೆಂಟ್ ಸೋರಿಕೆಯಿಂದಾಗಿ ವಿದ್ಯುತ್ ಪೂರ್ತಿ ನಿಂತಿತು. ಅಲ್ಲಿ ಅದು ನಡುಚಳಿಗಾಲ. ನೆಲೆಯಲ್ಲಿದ್ದವರು 13 ಮಂದಿ. ಆ ಋತುವಿನಲ್ಲಿ ವಿಮಾನ ಇಳಿಯುವುದಿಲ್ಲ, ಹಡಗು ಹತ್ತಿರ ಸುಳಿಯುವುದಿಲ್ಲ. 19 ಗಂಟೆಗಳ ನಂತರ ಒಂದಿಷ್ಟು ವಿದ್ಯುತ್ತು, ಒಂದಿಷ್ಟು ಶಾಖ ಮರಳಿ ಬಂದವು. ಅದೇ ಅವಧಿಯಲ್ಲಿ ಹೊರಗಿನ ಉಷ್ಣತೆ ಮೈನಸ್ 55.4 ಡಿಗ್ರಿಗೂ ಇಳಿದಿತ್ತು. ಹವಾಮಾನದ ಅತ್ಯಗತ್ಯ ದಾಖಲೆಗಳನ್ನು ಬಿಟ್ಟು ಉಳಿದ ವಿಜ್ಞಾನವನ್ನೆಲ್ಲ ನಿಲ್ಲಿಸಲಾಯಿತು. ಆ ದಿನಗಳಲ್ಲಿ ಯಾರ ಕೆಲಸ ಮೊದಲು, ಯಾರದು ಆಮೇಲೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಸೋವಿಯತ್ ಒಕ್ಕೂಟದ ವೊಸ್ಟೋಕ್ ನೆಲೆಯ ಕಥೆ ಇನ್ನೂ ಘೋರ. 1982ರ ಏಪ್ರಿಲ್ 12ರಂದು ಅಲ್ಲಿನ ವಿದ್ಯುತ್ ಕೋಣೆ ಬೆಂಕಿಗೆ ಆಹುತಿಯಾಯಿತು. ಜನರೇಟರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ತೀರಿಕೊಂಡರು. ಭೂಮಿಯ ಅತಿ ಚಳಿಯ ಜಾಗಗಳಲ್ಲಿ ಅದೂ ಒಂದು. ಮರುವರ್ಷದ ಜುಲೈನಲ್ಲಿ ಮೈನಸ್ 89.2 ಡಿಗ್ರಿ ದಾಖಲಾದದ್ದು ಅಲ್ಲೇ. ಉಳಿದ 20 ಮಂದಿ ಬದಿಗಿಟ್ಟಿದ್ದ ಹಳೆಯ ಯಂತ್ರವೊಂದನ್ನು ಎಬ್ಬಿಸಿ, ಇದ್ದ ಲೋಹದ ಸಾಮಾನಿನಲ್ಲೇ ಒಲೆಗಳನ್ನು ಮಾಡಿಕೊಂಡು, ಬಸಿಯುವ ಇಂಧನದ ಉರಿಯಲ್ಲಿ ಇಡೀ ಚಳಿಗಾಲ ದೂಡಿದರು. ಬದುಕಿ ಊರಿಗೆ ಮರಳಿದರು.

2012ರ ಫೆಬ್ರವರಿಯಲ್ಲಿ ಬ್ರೆಜಿಲ್‌ನ ಕಮಾಂಡಾಂಟೆ ಫೆರಾಜ್ ನೆಲೆ ಸುಟ್ಟುಹೋದಾಗಲೂ ಬೆಂಕಿ ಹೊತ್ತಿದ್ದು ಜನರೇಟರ್ ಕೋಣೆಯಲ್ಲೇ. ಇಬ್ಬರು ನೌಕಾ ಸಿಬ್ಬಂದಿ ಸತ್ತರು. ಭಾರತದ ಒಂಬತ್ತನೇ ಯಾತ್ರೆಯ ನಾಲ್ವರು 1990ರ ಜನವರಿಯಲ್ಲಿ ಪರ್ವತ ಶಿಬಿರವೊಂದರಲ್ಲಿ ಕಾರ್ಬನ್ ಮೊನಾಕ್ಸೈಡ್‌ಗೆ ಬಲಿಯಾದರು. ಹಿಮಬಿರುಕುಗಳ ಹೆದರಿಕೆ ಸಿನಿಮಾದಲ್ಲಿ ದೊಡ್ಡದು. ನೆಲೆಯಲ್ಲಿರುವವರಿಗೆ ಬೆಂಕಿಯ ಭಯ ಅದಕ್ಕಿಂತ ದೊಡ್ಡದು. ಗಾಳಿ ಮರುಭೂಮಿಯದಕ್ಕಿಂತಲೂ ಒಣ, ನಂದಿಸಲು ನೀರು ಕಡಿಮೆ, ಮನೆ ಸುಟ್ಟರೆ ಹೊರಗೆ ಹೋಗಿ ನಿಲ್ಲುವ ಹಾಗಿಲ್ಲ. ಅದಕ್ಕೇ ನೆಲೆಗಳಲ್ಲಿ ಮುಖ್ಯ ಕಟ್ಟಡದಿಂದ ದೂರ, ಪ್ರತ್ಯೇಕ ಬಿಸಿ ವ್ಯವಸ್ಥೆಯಿರುವ ಆಪತ್ಕಾಲದ ಆಸರೆಯೊಂದನ್ನು ಇಟ್ಟಿರುತ್ತಾರೆ. ಬೆಂಕಿ ಗಂಟೆ ಬಾರಿಸಿ ಎಲ್ಲರನ್ನೂ ಓಡಿಸುವ ಅಭ್ಯಾಸವೂ ತಪ್ಪದೆ ನಡೆಯುತ್ತಿರುತ್ತದೆ.

ಕಲಿತ ಕಸುಬನ್ನು ಮತ್ತೆ ಕಲಿಯುವುದು

ಹತ್ತು ವರ್ಷ ಕೈ ಪಳಗಿದ ಕೆಲಸಗಾರನೂ ಅಲ್ಲಿ ಮೊದಲ ವಾರ ಎಡವುತ್ತಾನೆ. ಚಳಿ ವಸ್ತುಗಳ ಗುಣವನ್ನೇ ಬದಲಿಸಿಬಿಡುತ್ತದೆ. ಸಾಮಾನ್ಯ ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ವಿಮಾನಕ್ಕೆ ಹಾಕುವಂಥ ಸೀಮೆಎಣ್ಣೆ ಜಾತಿಯ ಇಂಧನವನ್ನೇ ಎಂಜಿನ್‌ಗಳಿಗೂ ಕುಡಿಸುತ್ತಾರೆ. ಗ್ರೀಸ್ ಗಟ್ಟಿಯಾಗುತ್ತದೆ. ರಬ್ಬರ್ ಸೀಲು ಬಾಗುವ ಬದಲು ಮುರಿಯುತ್ತದೆ. ಮಾಮೂಲಿ ಪಿವಿಸಿ ಹೊದಿಕೆಯ ತಂತಿಯನ್ನು ಹೊರಗೆ ಬಗ್ಗಿಸಿದರೆ ಹೊದಿಕೆ ಸೀಳುತ್ತದೆ. ಬ್ಯಾಟರಿ ಅರ್ಧ ಜೀವವಾಗುತ್ತದೆ. ಉಕ್ಕು ಪೆಡಸಾಗಿ, ಪೆಟ್ಟು ತಿಂದರೆ ಒಡೆಯುತ್ತದೆ. ವೆಲ್ಡರ್ ಆದವನು ಬೆಸೆಯುವ ಮೊದಲು ಲೋಹವನ್ನು ಕಾಯಿಸಲೇಬೇಕು. ಇಲ್ಲವಾದರೆ ಬೆಸುಗೆ ತಟ್ಟನೆ ತಣಿದು ಬಿರುಕು ಬಿಡುತ್ತದೆ. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಬಡಗಿಯ ಹಳೆಯ ಅಭ್ಯಾಸ ಇಲ್ಲಿ ನಡೆಯದು, ತುಟಿಯ ಚರ್ಮವೂ ಮೊಳೆಯ ಜೊತೆಗೇ ಕಿತ್ತು ಬರುತ್ತದೆ.

ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ಪೇಚು. ನಮ್ಮಲ್ಲಿ ಮನೆ ಕಟ್ಟುವಾಗ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಸರಳು ನೆಟ್ಟು ಅರ್ಥಿಂಗ್ ಕೊಡುತ್ತೇವೆ. ಸಾವಿರಾರು ಅಡಿ ದಪ್ಪದ ಮಂಜಿನ ಮೇಲೆ ನಿಂತ ಕಟ್ಟಡಕ್ಕೆ ಆ ‘ಅರ್ಥ್’ ಎಲ್ಲಿಂದ ತರುವುದು? ಒಣ ಹಿಮ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕಟ್ಟಡದ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಬೆಸೆದು ಸುರಕ್ಷತೆಯನ್ನು ಬೇರೆ ರೀತಿಯಲ್ಲೇ ಲೆಕ್ಕ ಹಾಕಬೇಕು. ಒಣಗಾಳಿಯಿಂದ ಮೈಯಲ್ಲೇ ಸ್ಥಿರವಿದ್ಯುತ್ ಸಂಗ್ರಹವಾಗುತ್ತದೆ. ಕಂಪ್ಯೂಟರ್ ಮುಟ್ಟುವ ಮುನ್ನ ಲೋಹದ ಪಟ್ಟಿಯೊಂದನ್ನು ಮುಟ್ಟಿ ಅದನ್ನು ಇಳಿಸಿಕೊಳ್ಳುವುದು ಎಲ್ಲರಿಗೂ ರೂಢಿಯಾಗುತ್ತದೆ.

ಪ್ಲಂಬರ್‌ನ ಶತ್ರು ನಿಂತ ನೀರು. ಪೈಪುಗಳಿಗೆ ಶಾಖ ಕೊಡುವ ವಿದ್ಯುತ್ ಪಟ್ಟಿ ಸುತ್ತಿ, ಮೇಲೆ ದಪ್ಪ ಹೊದಿಕೆ ಹಾಕಿರುತ್ತಾರೆ. ಎಲ್ಲೋ ಒಂದು ಗಜದಷ್ಟು ಪಟ್ಟಿ ಕೆಟ್ಟರೂ ಸಾಕು, ನೀರು ಅಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಪೈಪು ಸೀಳುತ್ತದೆ. ಆ ಸೀಳನ್ನು ಹುಡುಕುವುದು ಕತ್ತಲಲ್ಲಿ, ಹಿಮಗಾಳಿಯಲ್ಲಿ, ಮೂರು ಪದರ ಕೈಗವಸು ತೊಟ್ಟು. ಸಣ್ಣ ನಟ್ಟು ತಿರುಗಿಸಲು ಗವಸು ಕಳಚಬೇಕು, ಕಳಚಿದ ಕೈಗೆ ಕೆಲವೇ ನಿಮಿಷಗಳ ಗಡುವು. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯುವುದು ಹೀಗೆ. ಕೊಂಡೊಯ್ಯದೆ ಬಿಟ್ಟ ಬಿಡಿಭಾಗ ಮುಂದಿನ ಹಡಗಿನಲ್ಲೇ ಬರಬೇಕು. ಅದಕ್ಕೆ ವರ್ಷವೂ ಆದೀತು. ಇರುವುದರಲ್ಲೇ ಕೆತ್ತಿ, ಕೊರೆದು, ತಿದ್ದಿ ಹೊಂದಿಸಿಕೊಳ್ಳಬಲ್ಲವನಿಗೇ ಅಲ್ಲಿ ಬೆಲೆ.

ಕತ್ತಲಿಲ್ಲದ ಋತು

ಹೊರಡುವ ಮುಂಚೆ ಜರಡಿ ಹಿಡಿಯುವುದು ದೊಡ್ಡ ಕೆಲಸ. ಭಾರತದ ತಂಡಕ್ಕೆ ಆಯ್ಕೆಯಾದವರು ದೆಹಲಿಯ ಏಮ್ಸ್‌ನಲ್ಲಿ ದೇಹ, ಮನಸ್ಸು ಎರಡರ ಪರೀಕ್ಷೆಗೂ ಒಳಗಾಗುತ್ತಾರೆ. ಉತ್ತರಾಖಂಡದ ಔಲಿಯಲ್ಲಿ ಇಂಡೊ-ಟಿಬೆಟನ್ ಗಡಿ ಪೊಲೀಸರು ಹಿಮದಲ್ಲಿ ನಡೆಯುವುದು, ಹಗ್ಗ ಕಟ್ಟಿಕೊಳ್ಳುವುದು, ಬಿರುಕಿಗೆ ಬಿದ್ದವನನ್ನು ಎಳೆಯುವುದನ್ನು ಕಲಿಸುತ್ತಾರೆ. ಅಲ್ಲಿಂದ ಕೇಪ್‌ಟೌನ್. ಮುಂದೆ ವಿಮಾನವಾದರೆ ಆರು ಗಂಟೆಯೊಳಗೆ ಮಂಜಿನ ರನ್‌ವೇ, ಹಡಗಾದರೆ ವಾರಗಟ್ಟಲೆ ಅಲೆಗಳ ಏಟು.

ನವೆಂಬರ್‌ನಿಂದ ಮಾರ್ಚ್‌ವರೆಗಿನ ಬೇಸಿಗೆ ಕಸುಬುದಾರರ ಸುಗ್ಗಿ. ನಡುಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಕೆಲಸವೂ ಮುಗಿಯುವುದಿಲ್ಲ. ಹಡಗು ಮಂಜಿನಂಚಿಗೆ ಬಂದು ನಿಂತರೆ ಒಂದು ವರ್ಷದ ಇಂಧನ, ಆಹಾರ, ಯಂತ್ರಭಾಗಗಳನ್ನು ಹವೆ ಕೈಕೊಡುವ ಮುನ್ನ ಇಳಿಸಬೇಕು. ಮೈತ್ರಿ ಕರಾವಳಿಯಿಂದ ಸುಮಾರು 100 ಕಿ.ಮೀ. ಒಳಗಿದೆ. ಅಷ್ಟು ದೂರ ಪಿಸ್ಟನ್‌ಬುಲ್ಲಿ ವಾಹನಗಳು ಜಾರುಬಂಡಿಗಳ ಮೇಲೆ ಟ್ಯಾಂಕರ್‌ಗಳನ್ನು ಎಳೆದುಕೊಂಡು ಸಾಲಾಗಿ ಸಾಗುತ್ತವೆ. ಚಾಲಕ ಅರ್ಧ ಚಾಲಕ, ಅರ್ಧ ಮೆಕ್ಯಾನಿಕ್. ದಾರಿಯಲ್ಲಿ ಕೆಟ್ಟರೆ ರಿಪೇರಿಯೂ ಅವನದೇ.

ಕಟ್ಟುವುದಿದ್ದರೂ ಈ ತಿಂಗಳುಗಳಲ್ಲೇ. ಭಾರತದ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು 1983–84ರ ಮೂರನೇ ಯಾತ್ರೆಯಲ್ಲಿ ಸೇನೆಯ ಎಂಜಿನಿಯರ್‌ಗಳು ಸುಮಾರು ಎರಡು ತಿಂಗಳಲ್ಲಿ ಎಬ್ಬಿಸಿದರು. 12 ಮಂದಿ ಅಲ್ಲಿ ಮೊದಲ ಚಳಿಗಾಲ ಕಳೆದರು. ಮಂಜುಹಾಸಿನ ಮೇಲಿದ್ದ ಆ ಕಟ್ಟಡವನ್ನು ಹಿಮ ವರ್ಷವರ್ಷವೂ ನುಂಗುತ್ತ ಬಂತು, 1990ರ ಹೊತ್ತಿಗೆ ಅದನ್ನು ಕೈಬಿಡಬೇಕಾಯಿತು. ಆ ಪಾಠದಿಂದಲೇ ಮೈತ್ರಿ ಬಂಡೆಯ ಮೇಲೆ, ಕಂಬಗಳ ಮೇಲೆ ನಿಂತಿತು. ಗಾಳಿ ಅಡಿಯಿಂದ ನುಗ್ಗಿ ಹಿಮವನ್ನು ಗುಡಿಸಿಕೊಂಡು ಹೋಗುತ್ತದೆ. 2012ರಲ್ಲಿ ಸಿದ್ಧವಾದ ಭಾರತಿಯನ್ನು 134 ಹಡಗು ಕಂಟೇನರ್‌ಗಳನ್ನು ಜೋಡಿಸಿ ಕಟ್ಟಲಾಗಿದೆ. ಉಪಗ್ರಹಗಳ ಮಾಹಿತಿ ಇಳಿಸಿಕೊಳ್ಳುವ ಇಸ್ರೊದ ಕೇಂದ್ರವೂ ಅಲ್ಲಿದೆ.

ಹ್ಯಾಲಿಯ ಕಸುಬುದಾರರು ಇದಕ್ಕಿಂತ ವಿಚಿತ್ರವಾದ ಕೆಲಸ ಮಾಡಿದರು: ಊರನ್ನೇ ಎಳೆದರು. ಮೊದಲ ನಾಲ್ಕು ಹ್ಯಾಲಿಗಳು ಹಿಮದಡಿ ಹೂತುಹೋಗಿದ್ದವು. ಆರನೆಯದಕ್ಕೆ ಹೈಡ್ರಾಲಿಕ್ ಕಾಲುಗಳು, ಕಾಲಿಗೆ ಸ್ಕೀಗಳು. ಮಂಜುಹಾಸಿನಲ್ಲಿ ದೊಡ್ಡ ಬಿರುಕು ಬೆಳೆಯುತ್ತಿರುವುದು ಕಂಡಾಗ, 2016–17ರ ಬೇಸಿಗೆಯಲ್ಲಿ ಎಂಟು ಮಾಡ್ಯೂಲ್‌ಗಳನ್ನು ಬಿಡಿಸಿ, ಒಂದೊಂದನ್ನೂ ಟ್ರ್ಯಾಕ್ಟರ್‌ಗಳಿಗೆ ಕಟ್ಟಿ 23 ಕಿ.ಮೀ. ಎಳೆದು ಮತ್ತೆ ಜೋಡಿಸಿದರು. 2023ರ ಜನವರಿಯಲ್ಲಿ ಆ ಮಂಜುಹಾಸಿನಿಂದ ಸುಮಾರು 1,550 ಚದರ ಕಿ.ಮೀ.ನ ಹಿಮಗಡ್ಡೆ ಕಳಚಿ ತೇಲಿಹೋಯಿತು. ನೆಲೆ ಅಷ್ಟರಲ್ಲಿ ಬಿರುಕಿನ ಈಚೆ ದಡದಲ್ಲಿ ಸುರಕ್ಷಿತವಾಗಿತ್ತು.

ಉಳಿದವರು

ಮಾರ್ಚ್ ಕಳೆದರೆ ಕೊನೆಯ ವಿಮಾನ, ಕೊನೆಯ ಹಡಗು. ಮೈತ್ರಿಯಲ್ಲಿ ಉಳಿಯುವವರು ಇಪ್ಪತ್ತೈದರ ಆಸುಪಾಸು. ಅಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದೇ ಇಲ್ಲ. ದಕ್ಷಿಣ ಧ್ರುವದಲ್ಲಾದರೆ ಆರು ತಿಂಗಳು. ನಿದ್ದೆ ಕೆಡುತ್ತದೆ, ಮಾತಿನ ನಡುವೆ ಪದ ಮರೆಯುತ್ತದೆ, ಎದುರಿನವನು ಊಟ ಮಾಡುವಾಗಿನ ಸದ್ದು ಕೂಡ ಜಗಳಕ್ಕೆ ಕಾರಣವಾಗಬಲ್ಲದು. ಮನೆಯಲ್ಲಿ ಸಾವಾದರೂ ಹೋಗುವಂತಿಲ್ಲ. ಅದಕ್ಕೇ ಆಯ್ಕೆಯ ಹೊತ್ತಿಗೆ ಕೈಚಳಕದಷ್ಟೇ ತೂಕ ಸ್ವಭಾವಕ್ಕೂ ಇರುತ್ತದೆ.

ಇಂಥಲ್ಲಿ ಹುದ್ದೆಗಳ ಗೋಡೆ ತಾನಾಗಿ ತೆಳುವಾಗುತ್ತದೆ. ಪಾತ್ರೆ ತೊಳೆಯುವ, ನೆಲ ಒರೆಸುವ ಪಾಳಿ ಎಲ್ಲರಿಗೂ ಬರುತ್ತದೆ. ಅಗತ್ಯ ಬಿದ್ದರೆ ಕೆಲಸಗಳು ಅದಲುಬದಲಾಗುತ್ತವೆ. ಮೈತ್ರಿಯಿಂದ ಕೆಲವೇ ಕಿ.ಮೀ. ದೂರದ ರಷ್ಯನ್ ನೆಲೆ ನೊವೊಲಾಜರೆವ್‌ಸ್ಕಯಾದಲ್ಲಿ 1961ರ ಏಪ್ರಿಲ್ 30ರಂದು ನಡೆದ ಘಟನೆ ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ನೆಲೆಗೆ ಇದ್ದೊಬ್ಬನೇ ವೈದ್ಯ ಲಿಯೊನಿಡ್ ರೊಗೊಜೊವ್, ವಯಸ್ಸು 27, ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದ. ಉಪಕರಣ ಎತ್ತಿಕೊಟ್ಟಿದ್ದು ಹವಾಮಾನ ತಜ್ಞ. ಹೊಟ್ಟೆಯ ಒಳಭಾಗ ಕಾಣುವಂತೆ ಕನ್ನಡಿ ಹಿಡಿದು, ದೀಪ ಹೊಂದಿಸಿದ್ದು ನೆಲೆಯ ಚಾಲಕ. ಎರಡು ವಾರದಲ್ಲಿ ವೈದ್ಯ ಕೆಲಸಕ್ಕೆ ಮರಳಿದ.

ಜೂನ್ 21ರ ನಡುಚಳಿಗಾಲ ಅಲ್ಲಿನ ದೊಡ್ಡ ಹಬ್ಬ. ನೆಲೆಯಿಂದ ನೆಲೆಗೆ ಶುಭಾಶಯಗಳು ಹಾರಾಡುತ್ತವೆ. ಬ್ರಿಟಿಷ್ ನೆಲೆಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕೈಯಾರೆ ಮಾಡಿದ ಉಡುಗೊರೆ ಕೊಡುವ ವಾಡಿಕೆಯಿದೆ. ತಿಂಗಳುಗಟ್ಟಲೆ ಮೊದಲೇ ವಿಜ್ಞಾನಿಗಳು ಕಾರ್ಯಾಗಾರದ ಬಾಗಿಲು ತಟ್ಟಿ, ಬಡಗಿಯಿಂದ ಉಳಿ ಹಿಡಿಯುವುದನ್ನು, ಮೆಕ್ಯಾನಿಕ್‌ನಿಂದ ಲೇತ್ ತಿರುಗಿಸುವುದನ್ನು ಕಲಿಯುತ್ತಾರೆ.

ಯಾರ ಹೆಸರು ಎಲ್ಲಿ

ಧ್ರುವಯಾತ್ರೆಗಳ ಚರಿತ್ರೆ ನಾಯಕರ ಚರಿತ್ರೆಯಾಗಿಯೇ ಬೆಳೆದು ಬಂತು. ಅನ್ವೇಷಕ ಶ್ಯಾಕಲ್ಟನ್‌ನ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಮಂಜಿನ ನಡುವೆ ನಜ್ಜುಗುಜ್ಜಾದ ಮೇಲೆ, ಜೇಮ್ಸ್ ಕೇರ್ಡ್ ಎಂಬ ಪುಟ್ಟ ದೋಣಿಯಲ್ಲಿ ಅವನು ಸುಮಾರು 1,300 ಕಿ.ಮೀ. ಸಾಗರ ದಾಟಿದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಆ ದೋಣಿಯ ಬದಿಗಳನ್ನು ಎತ್ತರಿಸಿ, ಹಲಗೆ ಕ್ಯಾನ್ವಾಸುಗಳಿಂದ ಮೇಲ್ಮುಚ್ಚಳ ಕಟ್ಟಿ, ಸಂದುಗಳಿಗೆ ಚಿತ್ರಕಾರನ ಬಣ್ಣವನ್ನೂ ಸೀಲ್ ರಕ್ತವನ್ನೂ ಮೆತ್ತಿ ಅದನ್ನು ಕಡಲಿಗೆ ತಾಳುವಂತೆ ಮಾಡಿದ್ದು ಬಡಗಿ ಹ್ಯಾರಿ ಮ್ಯಾಕ್‌ನಿಷ್. ದಕ್ಷಿಣ ಜಾರ್ಜಿಯಾದ ಹಿಮಪರ್ವತ ದಾಟಲು ಬೂಟುಗಳಿಗೆ ತಿರುಪು ಬಿಗಿದುಕೊಟ್ಟವನೂ ಅವನೇ. ಮಂಜಿನ ಮೇಲೆ ಒಮ್ಮೆ ನಾಯಕನಿಗೆ ಎದುರಾಡಿದ್ದ. ಅದಕ್ಕಾಗಿ ತಂಡದ ಬಹುತೇಕರಿಗೆ ಸಿಕ್ಕ ಧ್ರುವಪದಕ ಅವನಿಗೆ ಸಿಗಲಿಲ್ಲ. 1930ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಬಡತನದಲ್ಲಿ ಸತ್ತ.

ಇಂದಿನ ವಿಜ್ಞಾನದಲ್ಲೂ ಈ ಲೆಕ್ಕ ಪೂರ್ತಿ ಸರಿಹೋಗಿಲ್ಲ. 1985ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಓಝೋನ್ ರಂಧ್ರದ ಸುದ್ದಿ ಪ್ರಕಟವಾದಾಗ ಮೇಲೆ ಮೂರು ಹೆಸರುಗಳಿದ್ದವು: ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಸಂಶೋಧನೆಯ ಬಲ ಇದ್ದದ್ದು ಒಂದು ಚತುರ ಅಳತೆಯಲ್ಲಲ್ಲ, 1950ರ ದಶಕದಿಂದ ಹ್ಯಾಲಿಯಲ್ಲಿ ಎಡೆಬಿಡದೆ ನಡೆದ ಅಳತೆಗಳ ಸಾಲಿನಲ್ಲಿ. ಅಕ್ಟೋಬರ್ ತಿಂಗಳ ಓಝೋನ್ ಸುಮಾರು ಮೂರನೇ ಒಂದು ಪಾಲು ಕುಸಿದಿದೆ ಎನ್ನಬೇಕಾದರೆ ಹಿಂದಿನ ಅಕ್ಟೋಬರ್‌ಗಳ ಲೆಕ್ಕ ಕೈಯಲ್ಲಿರಬೇಕು. ಆ ಸಾಲು ತುಂಡಾಗದಿರಲು ಪ್ರತಿ ಚಳಿಗಾಲವೂ ಯಾರೋ ಎಂಜಿನ್ ಎಣ್ಣೆ ಬದಲಿಸಿದ್ದರು, ಯಾರೋ ಹಿಮ ಸಲಿಕೆಯಲ್ಲಿ ತುಂಬಿದ್ದರು. ದಕ್ಷಿಣ ಧ್ರುವದ ಐಸ್‌ಕ್ಯೂಬ್ ವೀಕ್ಷಣಾಲಯ ದೂರದ ಬ್ರಹ್ಮಾಂಡದಿಂದ ಬಂದ ನ್ಯೂಟ್ರಿನೊ ಕಣಗಳನ್ನು ಹಿಡಿದು 2013ರಲ್ಲಿ ಜಗತ್ತನ್ನು ಬೆರಗುಗೊಳಿಸಿತು. ಅದಕ್ಕೆ ಮೊದಲು ಬಾಯ್ಲರ್, ಪಂಪು, ಹೋಸುಗಳನ್ನಿಟ್ಟುಕೊಂಡ ಕೊರೆಯುವ ತಂಡ ಏಳು ಬೇಸಿಗೆಗಳಲ್ಲಿ ಬಿಸಿನೀರಿನಿಂದಲೇ ತಲಾ ಸುಮಾರು ಎರಡೂವರೆ ಕಿ.ಮೀ. ಆಳದ 86 ರಂಧ್ರಗಳನ್ನು ತೆಗೆಯಬೇಕಾಯಿತು.

ನಕ್ಷೆ ಮಾಡಿದವರು ಈ ವಿಷಯದಲ್ಲಿ ಪತ್ರಿಕೆಗಳಿಗಿಂತ ಉದಾರಿಗಳು. ಅಮೆರಿಕದ ನಾಮಕರಣ ಸಮಿತಿ ಅಂಟಾರ್ಕ್ಟಿಕಾದ ಅನೇಕ ಶಿಖರ, ಹಿಮನದಿ, ಬಂಡೆಗಳಿಗೆ ಅಲ್ಲಿ ಚಳಿಗಾಲ ಕಳೆದ ಅಡುಗೆಯವರ, ಮೆಕ್ಯಾನಿಕ್‌ಗಳ, ಎಲೆಕ್ಟ್ರಿಷಿಯನ್‌ಗಳ ಹೆಸರಿಟ್ಟಿದೆ. ಮ್ಯಾಕ್‌ನಿಷ್ ಹೆಸರಿನ ಪುಟ್ಟ ದ್ವೀಪವೊಂದು ದಕ್ಷಿಣ ಜಾರ್ಜಿಯಾದಲ್ಲಿದೆ.

ಮೈತ್ರಿಗೆ ಈಗ ಮೂವತ್ತೈದು ದಾಟಿದೆ. ಅದರ ಜಾಗಕ್ಕೆ ಮೈತ್ರಿ-2 ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದೆ. ಹೊಸ ನೆಲೆಯಿಂದ ಮುಂದಿನ ದಶಕಗಳಲ್ಲಿ ನೂರಾರು ಸಂಶೋಧನಾ ಪ್ರಬಂಧಗಳು ಹೊರಬರಲಿವೆ. ಅವುಗಳ ಲೇಖಕರ ಸಾಲಿನಲ್ಲಿ ಆ ವರ್ಷ ಜನರೇಟರ್ ನಡೆಸಿದ ಮೆಕ್ಯಾನಿಕ್‌ನ ಹೆಸರೂ ಇದ್ದರೆ ವಿಜ್ಞಾನದ ಮರ್ಯಾದೆಗೆ ಕುಂದೇನೂ ಬಾರದು. ಅಳತೆ ಪುಸ್ತಕದ ಪುಟಗಳು ಖಾಲಿ ಬೀಳದಂತೆ ನೋಡಿಕೊಂಡವರಲ್ಲಿ ಅವನೂ ಒಬ್ಬ.